ಮೊದಲು ಪೊರಕೆ, ಆಮೇಲೆ ಪೈಪು: ಮಳೆನೀರು ಕೆರೆ ಹೊಳೆ ಕೆಡಿಸದಂತೆ ಮನೆಯವರು ಮಾಡಬಹುದಾದ ಕೆಲಸಗಳು

ಮನೆಯಿಂದ ಹೊರಗೆ ಹೋಗುವ ನೀರಿಗೆ ಎರಡು ದಾರಿ. ಬಚ್ಚಲು, ಸಿಂಕು, ಕಕ್ಕಸಿನ ನೀರು ಒಳಚರಂಡಿ ಹಿಡಿದು ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ, ಇಲ್ಲವೇ ಮನೆಯದೇ ಸೆಪ್ಟಿಕ್ ಟ್ಯಾಂಕಿಗೆ. ರಸ್ತೆ ಬದಿಯ ಮೋರಿಗೆ, ಜಾಲರಿ ಹಾಕಿದ ಕಿಂಡಿಗೆ ಬೀಳುವ ಮಳೆನೀರಿನ ದಾರಿ ಬೇರೆ. ಹೆಚ್ಚಿನ ಕಡೆ ಅದು ಯಾವ ಘಟಕವನ್ನೂ ಮುಟ್ಟುವುದಿಲ್ಲ. ನೇರವಾಗಿ ಹತ್ತಿರದ ಹಳ್ಳ, ಕೆರೆ, ಹೊಳೆ, ಕಡಲು ಸೇರುತ್ತದೆ. ನಡುವೆ ಸೋಸುವವರು ಯಾರೂ ಇಲ್ಲ. ಕೆಲವು ಹಳೆಯ ನಗರಗಳಲ್ಲಿ ಎರಡೂ ನೀರು ಒಂದೇ ಕೊಳವೆಯಲ್ಲಿ ಹರಿಯುತ್ತವೆ. ಅಲ್ಲಿನ ಪಜೀತಿಯೇ ಬೇರೆ: ಜೋರು ಮಳೆ ಬಂದರೆ ಕೊಳವೆ ತುಂಬಿ, ಮಳೆನೀರಿನ ಜೊತೆಗೆ ಕಕ್ಕಸಿನ ನೀರೂ ಹೊಳೆಗೆ ಉಕ್ಕುತ್ತದೆ.

ಅಂದರೆ ಮೋರಿಗೆ ಚೆಲ್ಲಿದ್ದು ಕೆರೆಗೇ ಚೆಲ್ಲಿದ ಲೆಕ್ಕ. ಬೇಕಂತ ಚೆಲ್ಲಬೇಕು ಅಂತಲೂ ಇಲ್ಲ, ಅಂಗಳದಲ್ಲಿ ಬಿಟ್ಟರೆ ಸಾಕು, ಉಳಿದ ಕೆಲಸ ಮಳೆ ಮಾಡುತ್ತದೆ.

ಈ ವಿಷಯ ಎತ್ತಿದರೆ ಜನ ಮೊದಲು ಕೇಳುವುದು ಮಳೆನೀರಿನ ಡ್ರಮ್ಮು ಯಾವುದು ಒಳ್ಳೆಯದು, ಅಂಗಳದಲ್ಲಿ ಮಳೆ ತೋಟ, ಅಂದರೆ ಮಳೆನೀರು ಇಂಗಿಸುವ ತಗ್ಗು ಪಾತಿ, ಮಾಡೋದು ಹೇಗೆ ಅಂತ. ಅವೆರಡೂ ಒಳ್ಳೆಯವೇ, ಮುಂದೆ ಹೇಳುತ್ತೇನೆ. ಆದರೆ ನನ್ನ ಲೆಕ್ಕದಲ್ಲಿ ಮೊದಲ ಸ್ಥಾನ ಪೊರಕೆಗೆ. ಎರಡನೆಯದು, ನಿಮ್ಮ ಮನೆಯ ಯಾವ ಪೈಪು ಎಲ್ಲಿಗೆ ಹೋಗುತ್ತದೆ ಅಂತ ತಿಳಿದುಕೊಳ್ಳುವುದಕ್ಕೆ. ಫೋಟೋಗೆ ಚೆನ್ನಾಗಿ ಬರುವ ಕೆಲಸಗಳೆಲ್ಲ ಆಮೇಲೆ.

ಮೊದಲ ಹತ್ತು ನಿಮಿಷದ ನೀರು

ಕೆಲವು ವಾರ ಮಳೆ ಇಲ್ಲದೆ ಇದ್ದರೆ ನೆಲದ ಮೇಲೆ ಏನೇನೋ ಕೂರುತ್ತದೆ. ಗಾಡಿಯಿಂದ ತೊಟ್ಟಿಕ್ಕಿದ ಎಣ್ಣೆ, ಟೈರು ಸವೆದ ಪುಡಿ, ಬ್ರೇಕಿನ ಲೋಹದ ಧೂಳು, ಪ್ರಾಣಿಗಳ ಹೇಲು, ಒಣಗಿದ ಎಲೆ, ಸಿಗರೇಟಿನ ತುಂಡು, ಗೊಬ್ಬರದ ಕಾಳು. ಮಳೆ ಶುರುವಾದಾಗ ಮೊದಲು ಹರಿಯುವ ನೀರು ಇದನ್ನೆಲ್ಲ ಒಟ್ಟಿಗೆ ತೊಳೆದುಕೊಂಡು ಹೋಗುತ್ತದೆ. ಸಣ್ಣ ಜಾಗದಲ್ಲಿ ಇದು ಇನ್ನೂ ಸ್ಪಷ್ಟ, ಮೊದಲು ಬರುವ ನೀರೇ ಹೆಚ್ಚು ಕೊಳಕು, ಆಮೇಲಾಮೇಲೆ ತಿಳಿಯಾಗುತ್ತದೆ. ಹಾಗಾಗಿ ಮಳೆಗೆ ಮುಂಚೆ ಮಾಡುವ ಶುಚಿಗೆ ಬೆಲೆ ಜಾಸ್ತಿ. ಮಳೆ ನಿಂತ ಮೇಲೆ ಗುಡಿಸಿದರೆ ಅಂಗಳ ಚೊಕ್ಕಟವಾದೀತು, ಕೆರೆಗೆ ಹೋಗಬೇಕಾದ್ದು ಆಗಲೇ ಹೋಗಿಯಾಗಿರುತ್ತದೆ.

ಎಷ್ಟು ನೀರು ಅಂತಲೂ ಒಮ್ಮೆ ಲೆಕ್ಕ ಹಾಕಿ ನೋಡಿ. 1 ಚದರ ಮೀಟರ್ ಜಾಗದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್. 100 ಚದರ ಮೀಟರಿನ ಮಾಳಿಗೆ ಮೇಲೆ 10 ಮಿಲಿಮೀಟರ್ ಬಿದ್ದರೆ 1,000 ಲೀಟರ್. ಅದೇನೂ ದೊಡ್ಡ ಮಳೆ ಅಲ್ಲ. ಮರಗಿಡ ಇರುವ ಸಹಜ ನೆಲದಲ್ಲಿ ಬಿದ್ದ ಮಳೆಯ ಸುಮಾರು ಹತ್ತನೇ ಒಂದು ಪಾಲು ಮಾತ್ರ ಮೇಲ್ಮೈಯಲ್ಲಿ ಹರಿಯುತ್ತದೆ, ಅರ್ಧದಷ್ಟು ಮಣ್ಣಿಗೆ ಇಳಿಯುತ್ತದೆ, ಉಳಿದದ್ದು ಆವಿಯಾಗುತ್ತದೆ. ಮುಕ್ಕಾಲಿಗಿಂತ ಹೆಚ್ಚು ಭಾಗ ಕಾಂಕ್ರೀಟು ಡಾಂಬರು ಹಾಕಿದ ಕಡೆ ಅರ್ಧಕ್ಕಿಂತ ಹೆಚ್ಚು, ಸುಮಾರು 55 ಶೇಕಡಾ, ಹರಿದು ಹೋಗುತ್ತದೆ. ಇದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಕೊಡುವ ಅಂದಾಜು. ಮಣ್ಣು, ಇಳಿಜಾರು, ಮಳೆಯ ರೀತಿ ನೋಡಿಕೊಂಡು ಅಂಕಿ ಬದಲಾಗುತ್ತದೆ, ಆದರೆ ದಿಕ್ಕು ಎಲ್ಲ ಕಡೆಯೂ ಅದೇ.

ಕೊಡೆ ಹಿಡಿದು ಮನೆ ಸುತ್ತ ಒಂದು ಸುತ್ತು

ಏನನ್ನಾದರೂ ಕೊಳ್ಳುವ ಮೊದಲು, ಅಗೆಯುವ ಮೊದಲು, ಮಳೆ ಬರುವಾಗ ಹೊರಗೆ ಹೋಗಿ ನೋಡಿ. ಸಿಡಿಲು ಮಿಂಚು ಇದ್ದರೆ ಬೇಡ, ಸಾಧಾರಣ ಮಳೆ ಸಾಕು. ಮಾಳಿಗೆ ನೀರು ಯಾವ ಮೂಲೆಯಲ್ಲಿ ಬೀಳುತ್ತದೆ? ಬಿದ್ದ ನೀರು ಮಣ್ಣಿಗೆ ಹೋಗುತ್ತದಾ, ಕಾಂಕ್ರೀಟಿನ ಮೇಲೆ ಹರಿದು ಗೇಟು ದಾಟುತ್ತದಾ? ದಾರಿಯಲ್ಲಿ ಗಾಡಿ ನಿಲ್ಲಿಸುವ ಜಾಗ, ಕಸದ ಡಬ್ಬಿ, ನಾಯಿ ಕಟ್ಟುವ ಜಾಗ, ಗೊಬ್ಬರದ ಗುಡ್ಡೆ ಏನಾದರೂ ಸಿಗುತ್ತದಾ? ನೀರು ಕಂದು ಬಣ್ಣಕ್ಕೆ ತಿರುಗುವುದು ಎಲ್ಲಿಂದ? ಮೊಬೈಲಿನಲ್ಲಿ ಒಂದು ವಿಡಿಯೋ ಮಾಡಿಟ್ಟುಕೊಳ್ಳಿ. ಒಣ ದಿನದಲ್ಲಿ ನೋಡಿದರೆ ಸಮತಟ್ಟು ಅನ್ನಿಸುವ ಅಂಗಳ ಮಳೆಯಲ್ಲಿ ತನ್ನ ಇಳಿಜಾರು ತಾನೇ ತೋರಿಸಿಬಿಡುತ್ತದೆ.

ಇನ್ನೊಂದು ಪರೀಕ್ಷೆ ಒಣ ದಿನದಲ್ಲೇ ಮಾಡಬೇಕು. ಮೂರು ನಾಲ್ಕು ದಿನ ಮಳೆ ಇಲ್ಲದಿದ್ದಾಗ ಮಳೆನೀರಿನ ಮೋರಿ ನೋಡಿ. ಅದರಲ್ಲಿ ನೀರು ಹರಿಯುತ್ತಿದ್ದರೆ ಅದು ಮಳೆಯದ್ದಲ್ಲ. ಕೆಲವು ಕಡೆ ಅಂತರ್ಜಲ ಜಿನುಗಿ ಬರಬಹುದು, ಕುಡಿಯುವ ನೀರಿನ ಪೈಪು ಸೋರುತ್ತಿರಬಹುದು. ಆದರೆ ನೊರೆ, ಬೂದು ಬಣ್ಣ, ನಾತ ಇದ್ದರೆ ಯಾರದೋ ಮನೆಯ ಬಚ್ಚಲೋ ಬಟ್ಟೆ ಒಗೆಯುವ ಮೆಷಿನ್ನೋ ತಪ್ಪು ಕೊಳವೆಗೆ ಸೇರಿದೆ ಅಂತಲೇ ಅರ್ಥ. ಅದು ನಿಮ್ಮ ಮನೆಯದ್ದೇ ಆಗಿರಬಹುದು, ಅಲ್ವಾ? ಮನೆ ಕೊಂಡಾಗ, ಆಮೇಲೆ ಕಟ್ಟಿದ ಮಹಡಿಗೆ, ಹಿತ್ತಲಲ್ಲಿ ಇಟ್ಟ ಮೆಷಿನ್ನಿಗೆ ಪ್ಲಂಬರ್ ಯಾವ ಪೈಪು ಹತ್ತಿರ ಸಿಕ್ಕಿತೋ ಅದಕ್ಕೆ ಜೋಡಿಸಿ ಹೋಗಿರುವುದು ತುಂಬಾ ಕಡೆ ಇದೆ. ಪ್ಲಂಬರನ್ನು ಕರೆದು ಬಣ್ಣದ ಪರೀಕ್ಷೆ ಮಾಡಿಸಿ. ವಿಷವಲ್ಲದ ಬಣ್ಣವನ್ನು ಒಂದೊಂದೇ ಬಚ್ಚಲಿಗೆ ಬಿಟ್ಟು ಯಾವ ಚೇಂಬರಿನಲ್ಲಿ ಬಣ್ಣ ಕಾಣುತ್ತದೆ ಅಂತ ನೋಡುವುದು ಅಷ್ಟೇ. ಒಂದು ತಪ್ಪು ಜೋಡಣೆ ಸರಿ ಮಾಡಿದರೆ ವರ್ಷವಿಡೀ, ದಿನಾ ಹರಿಯುವ ಕೊಳಕು ನಿಲ್ಲುತ್ತದೆ. ಇಷ್ಟು ಲಾಭ ಕೊಡುವ ಕೆಲಸ ಮನೆ ಮಟ್ಟದಲ್ಲಿ ಹೆಚ್ಚಿಲ್ಲ. ಸೆಪ್ಟಿಕ್ ಟ್ಯಾಂಕು ಇದ್ದವರು ಅದು ಉಕ್ಕುವವರೆಗೆ ಕಾಯದೆ ಕೆಲವು ವರ್ಷಕ್ಕೊಮ್ಮೆ ಖಾಲಿ ಮಾಡಿಸಲೇಬೇಕು. ಟ್ಯಾಂಕಿನ ಹತ್ತಿರ ನೆಲ ಯಾವಾಗಲೂ ಜವುಗಾಗಿದ್ದು ಅಲ್ಲಿ ಮಾತ್ರ ಹುಲ್ಲು ಹಸಿರಾಗಿದ್ದರೆ ಸುಮ್ನೆ ಬಿಡಬೇಡಿ.

ಪೊರಕೆ

ಅಂಗಳಕ್ಕೆ ನೀರಿನ ಪೈಪು ಹಿಡಿದು ಎಲ್ಲವನ್ನೂ ರಸ್ತೆಗೆ ತಳ್ಳುವ ಅಭ್ಯಾಸ ಇದ್ದರೆ ಮೊದಲು ಅದನ್ನು ಬಿಡಿ. ಅದು ಶುಚಿ ಮಾಡುವುದಲ್ಲ, ಜಾಗ ಬದಲಾಯಿಸುವುದು. ಗುಡಿಸಿ, ಎತ್ತಿ, ಕಸಕ್ಕೋ ಗೊಬ್ಬರದ ಗುಂಡಿಗೋ ಹಾಕಿ. ಆಮೇಲೂ ನೀರು ಹಾಕಲೇಬೇಕು ಅನ್ನಿಸಿದರೆ ಅದನ್ನು ಮಣ್ಣಿನ ಕಡೆ ಹರಿಸಿ. ಗುಡಿಸಿದ್ದನ್ನು ಮೋರಿ ಬಾಯಿಗೆ ತಳ್ಳುವುದು ಮಾತ್ರ ಬೇಡವೇ ಬೇಡ.

ಎಲೆಯ ಬಗ್ಗೆ ಒಂದು ಮಾತು ಬಿಡಿಸಿ ಹೇಳಬೇಕು. ಒಣ ಎಲೆ ಪ್ರಕೃತಿಯದ್ದೇ, ಅದರಿಂದ ಏನು ತೊಂದರೆ ಅಂತ ಅನ್ನಿಸುತ್ತದೆ. ಮರದ ಬುಡದಲ್ಲಿ ಬಿದ್ದಿದ್ದರೆ ತೊಂದರೆ ಇಲ್ಲ, ಅಲ್ಲೇ ಇರಲಿ, ಅದು ಮಣ್ಣಿಗೆ ಒಳ್ಳೆಯದು. ಡಾಂಬರಿನ ಮೇಲೆ, ಮೋರಿಯೊಳಗೆ ಬಿದ್ದ ಎಲೆ ಬೇರೆ ಕಥೆ. ಅದು ನೀರಲ್ಲಿ ನೆನೆದರೆ ಚಹಾದಂತೆ ಬಣ್ಣ ಬಿಡುತ್ತದೆ, ಅದರೊಟ್ಟಿಗೆ ರಂಜಕವನ್ನೂ (ಫಾಸ್ಫರಸ್) ಬಿಡುತ್ತದೆ. ಅಮೆರಿಕದ ಭೂವಿಜ್ಞಾನ ಸಮೀಕ್ಷೆಯವರು ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರದ ಬಡಾವಣೆಗಳಲ್ಲಿ ಇದನ್ನು ಅಳೆದು 2016ರಲ್ಲಿ ಪ್ರಕಟಿಸಿದರು. ಬೀದಿಯ ಎಲೆ ಎತ್ತದೆ ಬಿಟ್ಟ ಕಡೆ ವರ್ಷದ ಮಳೆನೀರಿನ ರಂಜಕದಲ್ಲಿ 56 ಶೇಕಡಾ ಎಲೆ ಉದುರುವ ಕಾಲದಲ್ಲೇ ಬರುತ್ತಿತ್ತು. ಮಳೆಗೆ ಮುಂಚೆ ಎಲೆ ತೆಗೆದ ಕಡೆ ಅದು 16 ಶೇಕಡಾಕ್ಕೆ ಇಳಿಯಿತು. ಅದಕ್ಕೆ ಯಾವ ದೊಡ್ಡ ಯಂತ್ರದ ವಿದ್ಯೆಯೂ ಬೇಕಾಗಲಿಲ್ಲ, ಸಮಯಕ್ಕೆ ಸರಿಯಾಗಿ ಎಲೆ ಎತ್ತಿದರು ಅಷ್ಟೇ.

ರಂಜಕಕ್ಕೆ ಯಾಕಿಷ್ಟು ತಲೆ ಕೆಡಿಸಿಕೊಳ್ಳಬೇಕು? ಸಿಹಿನೀರಿನ ಕೆರೆಯಲ್ಲಿ ಪಾಚಿ ಎಷ್ಟು ಬೆಳೆಯಬೇಕು ಅನ್ನುವುದನ್ನು ಹೆಚ್ಚಾಗಿ ತೀರ್ಮಾನಿಸುವುದು ಅದೇ. ಕೆನಡಾದಲ್ಲಿ 1973ರಲ್ಲಿ ಕೆರೆಗಳ ವಿಜ್ಞಾನಿ ಡೇವಿಡ್ ಶಿಂಡ್ಲರ್ ಮತ್ತವರ ತಂಡ ಒಂದು ಕೆರೆಯ ನಡುವೆ ಪರದೆ ಕಟ್ಟಿ ಎರಡು ಪಾಲು ಮಾಡಿದರು. ಒಂದು ಪಾಲಿಗೆ ಇಂಗಾಲ, ಸಾರಜನಕ ಹಾಕಿದರು. ಇನ್ನೊಂದಕ್ಕೆ ಅವೆರಡರ ಜೊತೆ ರಂಜಕವನ್ನೂ ಹಾಕಿದರು. ರಂಜಕ ಬಿದ್ದ ಪಾಲು ಪಾಚಿಯಿಂದ ಹಸಿರಾಯಿತು, ಇನ್ನೊಂದು ಪಾಲು ತಿಳಿಯಾಗಿಯೇ ಉಳಿಯಿತು. ಆ ಕೆರೆಗೆ ಹೆಸರೂ ಇಲ್ಲ, 226 ಅನ್ನುವ ಸಂಖ್ಯೆ ಅಷ್ಟೇ. ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಖರ್ಚಾಗುತ್ತದೆ, ಬೆಳಗ್ಗೆ ಎದ್ದು ನೋಡಿದರೆ ಮೀನು ಸತ್ತು ತೇಲುತ್ತಿರುತ್ತವೆ. ಇಂಥ ಕಡೆ ಯಾರೋ ವಿಷ ಹಾಕಿದರು ಅಂತ ಸುದ್ದಿ ಹಬ್ಬುತ್ತದೆ. ಕೆಲವೊಮ್ಮೆ ನಿಜವಾಗಿ ಹಾಗೇ ಆಗಿರುತ್ತದೆ. ಎಷ್ಟೋ ಸಲ ಮೀನುಗಳು ಉಸಿರು ಸಿಗದೆ ಸತ್ತಿರುತ್ತವೆ.

ಸಿಗರೇಟಿನ ತುಂಡು ಹತ್ತಿಯಲ್ಲ, ಸೆಲ್ಯುಲೋಸ್ ಅಸಿಟೇಟ್ ಅನ್ನುವ ಪ್ಲಾಸ್ಟಿಕ್. 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದು ಲೀಟರಿಗೆ ಸುಮಾರು ಒಂದು ಸೇದಿದ ತುಂಡು ನೆನೆಸಿದ ನೀರಿನಲ್ಲಿ ಬಿಟ್ಟ ಮೀನುಗಳಲ್ಲಿ ಅರ್ಧದಷ್ಟು ನಾಲ್ಕು ದಿನದಲ್ಲಿ ಸತ್ತವು. ಸೇದುವವರು ಮನೆಯಲ್ಲಿದ್ದರೆ ಹೊರಗೆ ಒಂದು ಡಬ್ಬಿ ಇಡಿ. ಸೇದಬೇಡಿ ಅನ್ನುವ ಜಗಳ ಬೇರೆ ದಿನಕ್ಕಿರಲಿ.

ಗಾಡಿ

ಗಾಡಿ ತೊಳೆಯುವುದು ದೊಡ್ಡ ಅಪರಾಧ ಅಂತ ಯಾರಿಗೂ ಅನ್ನಿಸುವುದಿಲ್ಲ. ಆದರೆ ಗೇಟಿನ ಹೊರಗೆ, ರಸ್ತೆಯಲ್ಲಿ ಸೋಪು ಹಾಕಿ ತೊಳೆದ ನೀರಿನಲ್ಲಿ ಎಣ್ಣೆ, ಗ್ರೀಸು, ಬ್ರೇಕಿನ ಧೂಳು, ಸೋಪು ಎಲ್ಲ ಸೇರಿ ಹೋಗುತ್ತದೆ. ಇರುವ ದಾರಿ ಎರಡು. ನೀರನ್ನು ಸಂಗ್ರಹಿಸಿ ಒಳಚರಂಡಿಗೆ ಬಿಡುವ ವ್ಯವಸ್ಥೆ ಇರುವ ವಾಶಿಂಗ್ ಕೇಂದ್ರಕ್ಕೆ ಹೋಗಿ. ಇಲ್ಲವೇ ಹುಲ್ಲಿನ ಮೇಲೋ ಜಲ್ಲಿಯ ಮೇಲೋ ಗಾಡಿ ನಿಲ್ಲಿಸಿ, ಬಕೆಟ್ಟು ಬಟ್ಟೆಯಲ್ಲಿ, ಸೋಪು ಕಡಿಮೆ ಹಾಕಿ ತೊಳೆಯಿರಿ. ಉಳಿದ ಸೋಪಿನ ನೀರನ್ನು ಮೋರಿಗಲ್ಲ, ಮನೆಯೊಳಗಿನ ಬಚ್ಚಲಿಗೆ ಸುರಿಯಿರಿ.

ಸೋಪಿನ ಡಬ್ಬಿ ಮೇಲೆ ‘ಜೈವಿಕವಾಗಿ ಕರಗುತ್ತದೆ’ ಅಂತ ಬರೆದಿದ್ದರೆ ಮೋರಿಗೆ ಬಿಡಬಹುದು ಅಂತ ತುಂಬಾ ಜನ ನಂಬಿದ್ದಾರೆ. ಅದು ತಪ್ಪು. ಸೂಕ್ಷ್ಮಜೀವಿಗಳು ಅದನ್ನು ಕೊನೆಗೆ ಒಡೆಯುತ್ತವೆ ಅಂತ ಮಾತ್ರ ಅದರ ಅರ್ಥ. ಒಡೆಯುವುದಕ್ಕೆ ಹೊತ್ತು ಬೇಕು, ಆಮ್ಲಜನಕವೂ ಖರ್ಚಾಗುತ್ತದೆ. ಅಷ್ಟರೊಳಗೆ ಅದು ಹಳ್ಳದ ಮೀನಿನ ಕಿವಿರು ಮುಟ್ಟಿರುತ್ತದೆ, ಕಿವಿರಿನ ಮೇಲಿನ ಲೋಳೆ ಪೊರೆಗೆ ಸೋಪು ಆಗಿಬರುವುದಿಲ್ಲ.

ಎಣ್ಣೆ ಸೋರುವ ಗಾಡಿಯನ್ನು ಸರಿ ಮಾಡಿಸಿ, ಅಲ್ಲಿಯವರೆಗೆ ಕೆಳಗೆ ಒಂದು ತಟ್ಟೆಯೋ ರಟ್ಟೋ ಇಡಿ. ನೆಲಕ್ಕೆ ಬಿದ್ದ ಎಣ್ಣೆಗೆ ನೀರು ಹಾಕಬೇಡಿ. ಮರದ ಪುಡಿ, ಒಣ ಮಣ್ಣು, ಮರಳು, ಯಾವುದು ಸಿಕ್ಕಿತೋ ಅದನ್ನು ಸುರಿದು, ಹೀರಿಕೊಳ್ಳಲು ಬಿಟ್ಟು, ಪೊರಕೆಯಿಂದ ಉಜ್ಜಿ ಗುಡಿಸಿ, ಕವರಿನಲ್ಲಿ ಕಟ್ಟಿ. ಬಳಸಿದ ಎಂಜಿನ್ ಎಣ್ಣೆಯನ್ನು ಮುಚ್ಚಳ ಇರುವ ಕ್ಯಾನಿನಲ್ಲಿ ತುಂಬಿ ಎಣ್ಣೆ ವಾಪಸ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ. ಅದಕ್ಕೆ ನೀರು, ಪೆಟ್ರೋಲು, ಇನ್ನೇನನ್ನೂ ಬೆರೆಸಬೇಡಿ, ಬೆರೆತರೆ ಅದನ್ನು ಮರುಬಳಕೆ ಮಾಡುವುದು ಕಷ್ಟ. ಒಂದು ಸಲ ಬದಲಿಸಿದ ಎಂಜಿನ್ ಎಣ್ಣೆ 10 ಲಕ್ಷ ಗ್ಯಾಲನ್, ಅಂದರೆ ಸುಮಾರು 38 ಲಕ್ಷ ಲೀಟರ್ ಸಿಹಿನೀರನ್ನು ಕೆಡಿಸಬಲ್ಲದು ಅನ್ನುವುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಎಚ್ಚರಿಕೆ.

ಟೈರಿನ ಕಥೆ ಇನ್ನೂ ವಿಚಿತ್ರ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಹೊಳೆಗಳಲ್ಲಿ ಕೋಹೋ ಅನ್ನುವ ಸಾಲ್ಮನ್ ಮೀನುಗಳು ಮೊಟ್ಟೆ ಇಡಲು ಕಡಲಿನಿಂದ ಬಂದು, ಮಳೆ ಬಂದ ಕೂಡಲೇ ಸಾಯುತ್ತಿದ್ದವು. ಕಾರಣ ಹುಡುಕಲು ವರ್ಷಗಳೇ ಹಿಡಿದವು. ಕೊನೆಗೆ 2020ರಲ್ಲಿ ಸಂಶೋಧಕರು ಅದನ್ನು ಪತ್ತೆ ಮಾಡಿದರು. ಟೈರು ಬಿರುಕು ಬಿಡದಿರಲಿ ಅಂತ ಸೇರಿಸುವ 6ಪಿಪಿಡಿ ಅನ್ನುವ ರಾಸಾಯನಿಕ ಗಾಳಿಯ ಓಜೋನ್ ಜೊತೆ ಬೆರೆತು ಇನ್ನೊಂದು ವಿಷವಾಗುತ್ತದೆ, ಟೈರು ಸವೆದ ಪುಡಿಯೊಂದಿಗೆ ಅದು ಹೊಳೆಗೆ ಬರುತ್ತಿತ್ತು. ಟೈರು ಮಾಡುವವರು ಬದಲಾಗದೆ ಇದು ಪೂರ್ತಿ ನಿಲ್ಲುವುದಿಲ್ಲ, ಆ ಭಾರವನ್ನೆಲ್ಲ ಮನೆಯವರ ತಲೆಗೆ ಕಟ್ಟುವುದು ನ್ಯಾಯವೂ ಅಲ್ಲ. ನಮ್ಮ ಕೈಲಿ ಆಗುವುದು ಟೈರಿನ ಗಾಳಿ ಸರಿಯಾಗಿ ಇಟ್ಟುಕೊಳ್ಳುವುದು, ಹಾಗೆ ಇದ್ದರೆ ಟೈರು ನಿಧಾನ ಸವೆಯುತ್ತದೆ. ಹತ್ತಿರದ ಕೆಲಸಕ್ಕೆ ನಡೆದು ಹೋಗುವುದು ಇನ್ನೂ ಒಳ್ಳೆಯದು.

ತೋಟ, ಸಾಕುಪ್ರಾಣಿ, ರಿಪೇರಿ ಕೆಲಸ

ಗೊಬ್ಬರ ಹಾಕುವ ಮೊದಲು ಎರಡು ನೋಡಿ: ಮಣ್ಣಿಗೆ ಅದು ಬೇಕಾ, ಮತ್ತು ನಾಳೆ ಜೋರು ಮಳೆ ಇದೆಯಾ. ಮಳೆ ಬಂದರೆ ಗೊಬ್ಬರ ತಾನೇ ಕರಗುತ್ತದೆ ಅಂತ ಮಳೆಯ ಹಿಂದಿನ ದಿನ ಹಾಕುವವರಿದ್ದಾರೆ. ತುಂತುರಿಗೆ ಅದು ಸರಿ. ಜಡಿಮಳೆ ಬಂದರೆ ದುಡ್ಡೂ ಗೊಬ್ಬರವೂ ಮೋರಿಗೆ. ಕಾಂಕ್ರೀಟಿನ ಮೇಲೆ ಚೆಲ್ಲಿದ ಕಾಳುಗಳನ್ನು ಗುಡಿಸಿ ಮತ್ತೆ ಮಣ್ಣಿಗೇ ಹಾಕಿ. ಮಣ್ಣು ಪರೀಕ್ಷೆ ಮಾಡಿಸಿದರೆ ಹಳೆಯ ತೋಟಗಳಲ್ಲಿ ರಂಜಕ ಸಾಕಷ್ಟು ಇರುವುದು ಗೊತ್ತಾಗುತ್ತದೆ. ಅಮೆರಿಕದ ಮಿನ್ನೆಸೋಟ ರಾಜ್ಯ ಇದನ್ನೇ ನೋಡಿ, ಹುಲ್ಲುಹಾಸಿಗೆ ರಂಜಕದ ಗೊಬ್ಬರ ಹಾಕುವುದನ್ನು 2005ರಿಂದ ರಾಜ್ಯದ ಎಲ್ಲ ಕಡೆಯೂ ನಿರ್ಬಂಧಿಸಿದೆ, ಮಣ್ಣಲ್ಲಿ ಕೊರತೆ ಇದೆ ಅಂತ ಪರೀಕ್ಷೆ ತೋರಿಸಿದರೆ, ಹೊಸದಾಗಿ ಹುಲ್ಲು ಹಾಕುವುದಾದರೆ ವಿನಾಯಿತಿ ಇದೆ. ಕೀಟನಾಶಕವೂ ಹಾಗೆಯೇ, ಇಡೀ ತೋಟಕ್ಕೆ ಸುಮ್ನೆ ಸಿಂಪಡಿಸುವ ಬದಲು ಹುಳ ಕಂಡ ಗಿಡಕ್ಕೆ ಮಾತ್ರ ಹಾಕಿ, ಗಾಳಿ ಮಳೆ ಇಲ್ಲದ ದಿನ ನೋಡಿ. ಬರಿದಾದ ಮಣ್ಣನ್ನು ಹಾಗೇ ಬಿಡಬೇಡಿ. ಎಲೆಯೋ ಹುಲ್ಲೋ ಹೊದಿಸಿ, ಇಲ್ಲ ಏನಾದರೂ ನೆಡಿ. ಮಣ್ಣು ತಾನಾಗಿ ವಿಷವಲ್ಲ, ಆದರೆ ಹೊಳೆಗೆ ಬಂದ ಹೂಳು ಮೀನಿನ ಮೊಟ್ಟೆ ಮುಚ್ಚುತ್ತದೆ, ಬೆಳಕು ತಡೆಯುತ್ತದೆ, ತನಗೆ ಅಂಟಿದ ರಂಜಕ ಮತ್ತು ಲೋಹವನ್ನೂ ಹೊತ್ತು ತರುತ್ತದೆ.

ನಾಯಿಯ ಹೇಲನ್ನು ಎತ್ತಿ. ಅದು ಗೊಬ್ಬರ ಆಗುತ್ತದೆ ಅನ್ನುವ ನೆಪ ಬೇಡ. ಅದರಲ್ಲಿ ಬ್ಯಾಕ್ಟೀರಿಯಾ, ಹುಳುವಿನ ಮೊಟ್ಟೆ ಇರುತ್ತವೆ. ಕವರಿನಲ್ಲಿ ಎತ್ತಿ, ಗಂಟು ಹಾಕಿ, ಆ ಕವರನ್ನು ಮೋರಿಗೆ ಎಸೆಯುವವರೂ ಇದ್ದಾರೆ. ಎತ್ತದೆ ಬಿಟ್ಟವರಿಗಿಂತ ಇವರು ಕೊಡುವ ತೊಂದರೆ ಜಾಸ್ತಿ, ಪ್ಲಾಸ್ಟಿಕ್ಕೂ ಸೇರಿತಲ್ಲ!

ಮನೆ ರಿಪೇರಿ, ಬಣ್ಣ ಬಳಿಯುವುದು, ಕಟ್ಟಡದ ಕೆಲಸ. ಇಲ್ಲಿ ಮನೆ ಮಾಲೀಕರು ಕಣ್ಣಿಟ್ಟರೆ ಮಾತ್ರ ಆಗುತ್ತದೆ, ಯಾಕೆಂದರೆ ಸಂಜೆ ಕೆಲಸ ಮುಗಿಸಿ ಹೋಗುವವರು ಬಾಣಲಿ ಸಲಿಕೆ ತೊಳೆಯುವುದು ಹತ್ತಿರದ ಮೋರಿಯಲ್ಲೇ. ಸಿಮೆಂಟು ಕಲಸಿದ ನೀರು ಭಾರಿ ಕ್ಷಾರ, ಅದರ ಪಿಎಚ್ 12ರ ಆಸುಪಾಸು. ಸಣ್ಣ ಹಳ್ಳದ ಜೀವಿಗಳಿಗೆ ಅದು ಸುಡುವ ನೀರು. ತೊಳೆಯಲು ಒಂದು ಗುಂಡಿ ತೋಡಿ, ಒಳಗೆ ಟಾರ್ಪಾಲು ಹಾಸಿ, ಅಲ್ಲೇ ತೊಳೆಯಲು ಹೇಳಿ. ನೀರು ಆರಿ ಗಟ್ಟಿಯಾದದ್ದನ್ನು ಕಟ್ಟಡದ ಕಸದ ಜೊತೆ ಕಳಿಸಿ. ಮರಳು, ಮಣ್ಣಿನ ರಾಶಿಯನ್ನು ರಸ್ತೆಗೆ ಹಾಕಿಸಬೇಡಿ, ಜಾಗ ಇಲ್ಲದಿದ್ದರೆ ರಾತ್ರಿ ಟಾರ್ಪಾಲು ಮುಚ್ಚಿ, ಇಳಿಜಾರಿನ ಕಡೆ ಮರಳಿನ ಚೀಲ ಅಡ್ಡ ಇಡಿ. ನೀರಿನಲ್ಲಿ ಕರಗುವ ಬಣ್ಣದ ಬ್ರಷ್ಷನ್ನು ಮನೆಯೊಳಗೆ, ಒಳಚರಂಡಿಗೆ ಹೋಗುವ ಸಿಂಕಿನಲ್ಲಿ ತೊಳೆಯಿರಿ. ಎಣ್ಣೆ ಬಣ್ಣದ ಥಿನ್ನರನ್ನು ಎಲ್ಲಿಗೂ ಸುರಿಯುವಂತಿಲ್ಲ. ಡಬ್ಬಿಯಲ್ಲಿ ಮುಚ್ಚಿಟ್ಟರೆ ಬಣ್ಣ ತಳ ಸೇರುತ್ತದೆ, ಮೇಲಿನ ಥಿನ್ನರ್ ಮತ್ತೆ ಬಳಸಬಹುದು, ತಳದ ಗಸಿ ಅಪಾಯಕಾರಿ ಕಸದ ಲೆಕ್ಕ.

ನೀರಿನ ಟ್ಯಾಂಕಿಗೆ ಬ್ಲೀಚ್ ಹಾಕಿ ತೊಳೆದಾಗ, ಈಜುಕೊಳ ಖಾಲಿ ಮಾಡುವಾಗ ಆ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಒಳಚರಂಡಿಗೆ ಬಿಡಲು ಅನುಮತಿ ಇದ್ದರೆ ಹಾಗೇ ಮಾಡಿ. ಇಲ್ಲದಿದ್ದರೆ ಕೆಲವು ದಿನ ಬಿಸಿಲಿಗೆ ತೆರೆದಿಟ್ಟು, ಕ್ಲೋರಿನ್ ಹೋಗಿದೆ ಅಂತ ಪರೀಕ್ಷೆಯ ಪಟ್ಟಿಯಲ್ಲಿ ನೋಡಿ, ಆಮೇಲೆ ನಿಧಾನವಾಗಿ ಮಣ್ಣಿಗೆ ಬಿಡಿ. ಹಿಮ ಬೀಳುವ ಊರಿನಲ್ಲಿರುವವರಿಗೆ ಒಂದೇ ಮಾತು: ಮೊದಲು ಹಿಮ ಗೋರಿ, ಉಪ್ಪು ಆಮೇಲೆ, ಅದೂ ಸ್ವಲ್ಪವೇ. ಒಮ್ಮೆ ನೀರಿಗೆ ಸೇರಿದ ಉಪ್ಪನ್ನು ತೆಗೆಯುವ ಸುಲಭದ ದಾರಿ ಇಲ್ಲ.

ಈಗ ನೀರನ್ನು ನಿಧಾನ ಮಾಡೋಣ

ಇಷ್ಟಾದ ಮೇಲೆ ಡ್ರಮ್ಮು, ಮಳೆ ತೋಟ. ಇಲ್ಲಿಯ ಉದ್ದೇಶ ಒಂದೇ, ಓಡುವ ನೀರನ್ನು ನಡೆಸುವುದು, ಸಾಧ್ಯವಾದರೆ ಇಂಗಿಸುವುದು.

ತೀರಾ ಸುಲಭದ ಕೆಲಸ ಮಾಳಿಗೆ ಪೈಪಿನ ಬಾಯಿ ತಿರುಗಿಸುವುದು. ಕಾಂಕ್ರೀಟಿಗೋ ಮೋರಿಗೋ ಬೀಳುವ ಪೈಪಿಗೆ ಒಂದು ಮೊಣಕೈ ತುಂಡು ಹಾಕಿ ಹುಲ್ಲಿನ ಕಡೆ, ಗಿಡಗಳ ಕಡೆ ಬಿಡಿ. ಗೋಡೆಯ ಬುಡಕ್ಕೆ ಮಾತ್ರ ಬೇಡ, ಅಡಿಪಾಯದಿಂದ ದೂರ ಹರಿಯುವ ಹಾಗಿರಲಿ. ಪಕ್ಕದ ಮನೆಗೂ ಹೋಗಬಾರದು.

ಡ್ರಮ್ಮಿನ ಬಗ್ಗೆ ನನಗೆ ಸ್ವಲ್ಪ ಅನುಮಾನ ಇದೆ, ಹೇಳಿಬಿಡುತ್ತೇನೆ. 200 ಲೀಟರಿನ ಡ್ರಮ್ಮು ಮೇಲೆ ಹೇಳಿದ 100 ಚದರ ಮೀಟರಿನ ಮಾಳಿಗೆಯ 2 ಮಿಲಿಮೀಟರ್ ಮಳೆಗೇ ತುಂಬಿಹೋಗುತ್ತದೆ. ತುಂಬಿದ ಡ್ರಮ್ಮು ಮುಂದಿನ ಮಳೆಗೆ ಯಾವ ಸಹಾಯವನ್ನೂ ಮಾಡುವುದಿಲ್ಲ. ಹಾಗಾಗಿ ಡ್ರಮ್ಮು ಇಟ್ಟರೆ ಒಂದು ಮಳೆ ನಿಂತು ಇನ್ನೊಂದು ಬರುವುದರೊಳಗೆ ಅದನ್ನು ಖಾಲಿ ಮಾಡುವ ಶಿಸ್ತು ಬೇಕು, ಮತ್ತು ಉಕ್ಕಿದ ನೀರು ಮಣ್ಣಿಗೆ ಹೋಗುವ ಪೈಪು ಬೇಕು. ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಬಿಗಿಯಾಗಿ ಕಟ್ಟಿ, ಇಲ್ಲದಿದ್ದರೆ ಸೊಳ್ಳೆ. ಮೊದಲ 1-2 ಮಿಲಿಮೀಟರ್ ಮಳೆಯ ಕೊಳಕು ನೀರನ್ನು ಬೇರೆ ಕಡೆ ತಿರುಗಿಸುವ ವ್ಯವಸ್ಥೆ ಮಾಡಿದರೆ ಡ್ರಮ್ಮಿನ ನೀರು ಚೆನ್ನಾಗಿರುತ್ತದೆ.

ಮಳೆ ತೋಟದ ಬಗ್ಗೆ ನನಗೆ ಅನುಮಾನ ಇಲ್ಲ, ಜಾಗ ಇದ್ದರೆ ಮಾಡಿ. ತಗ್ಗಾದ ಒಂದು ಪಾತಿ, ಅದರಲ್ಲಿ ಗಿಡ, ಮಳೆನೀರು ಬಂದು ನಿಂತು ಒಂದೆರಡು ದಿನದಲ್ಲಿ ಇಂಗುವುದು, ಇಷ್ಟೇ ವಿದ್ಯೆ. ಮನೆಗಳಿಗೆ ಇದನ್ನು ಈಗಿನ ರೂಪದಲ್ಲಿ ಬಳಸಲು ಶುರು ಮಾಡಿದ್ದು 1990ರ ಸುಮಾರಿಗೆ, ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಪ್ರಿನ್ಸ್ ಜಾರ್ಜಸ್ ಕೌಂಟಿಯಲ್ಲಿ.

ಮೊದಲು ಮಣ್ಣು ನೀರು ಕುಡಿಯುತ್ತದಾ ನೋಡಬೇಕು. ಒಂದು ಅಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ, ಪೂರ್ತಿ ಇಂಗಲು ಬಿಡಿ. ಮತ್ತೆ ತುಂಬಿಸಿ, ಒಂದು ಕಡ್ಡಿ ನೆಟ್ಟು ಗುರುತು ಹಾಕಿ, ಗಂಟೆಗೆ ಎಷ್ಟು ಇಳಿಯುತ್ತದೆ ನೋಡಿ. ಗಂಟೆಗೆ ಒಂದೂವರೆ ಸೆಂಟಿಮೀಟರಿಗಿಂತ ಹೆಚ್ಚು ಇಳಿದರೆ ಒಳ್ಳೆಯ ಜಾಗ. ಒಂದು ದಿನ ಕಳೆದರೂ ನೀರು ಹಾಗೇ ನಿಂತಿದ್ದರೆ ಬೇರೆ ಜಾಗ ಹುಡುಕಿ. ಮೊದಲ ಸಲದ ಇಳಿತವನ್ನು ನಂಬಬೇಡಿ, ಒಣ ಮಣ್ಣು ಎಷ್ಟಾದರೂ ಕುಡಿಯುತ್ತದೆ.

ಮನೆಯಿಂದ ಕನಿಷ್ಠ 3 ಮೀಟರ್ ದೂರ ಇರಲಿ. ಸೆಪ್ಟಿಕ್ ಟ್ಯಾಂಕಿನ ಮೇಲೆ, ಬಾವಿಯ ಪಕ್ಕ, ಕಡಿದಾದ ಇಳಿಜಾರಿನಲ್ಲಿ, ದೊಡ್ಡ ಮರದ ಬೇರಿನ ಮೇಲೆ ಬೇಡ. ಮೊದಲೇ ಗ್ಯಾರೇಜೋ ಎಣ್ಣೆ ದಾಸ್ತಾನೋ ಇದ್ದ ಜಾಗವೂ ಬೇಡ, ಇಂಗುವ ನೀರು ಹಳೆಯ ವಿಷವನ್ನು ಕೆಳಗೆ ತಳ್ಳುತ್ತದೆ. ಅಗೆಯುವ ಮೊದಲು ಕರೆಂಟು, ಗ್ಯಾಸು, ನೀರಿನ ಲೈನು ಎಲ್ಲಿದೆ ಅಂತ ವಿಚಾರಿಸಿ. ಅಳತೆ ಅಂದರೆ, ನೀರು ಬರುವ ಮಾಳಿಗೆಯ ವಿಸ್ತೀರ್ಣದ ಹತ್ತರಿಂದ ಇಪ್ಪತ್ತು ಶೇಕಡಾ. 50 ಚದರ ಮೀಟರಿನ ಮಾಳಿಗೆಗೆ 5ರಿಂದ 10 ಚದರ ಮೀಟರಿನ ಪಾತಿ. ಜೇಡಿಮಣ್ಣಾದರೆ ದೊಡ್ಡದು, ಮರಳು ಮಣ್ಣಾದರೆ ಚಿಕ್ಕದು ಸಾಕು. ಆಳ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ, 15 ಸೆಂಟಿಮೀಟರ್ ಆದರೆ ಚೆನ್ನ. ತಳ ಸಮತಟ್ಟಾಗಿರಲಿ, ಇಲ್ಲದಿದ್ದರೆ ನೀರೆಲ್ಲ ಒಂದೇ ಮೂಲೆಗೆ ಹೋಗಿ ನಿಲ್ಲುತ್ತದೆ. ತೆಗೆದ ಮಣ್ಣನ್ನು ಇಳಿಜಾರಿನ ಕೆಳಗಿನ ಬದಿಗೆ ಸಣ್ಣ ಬದುವಾಗಿ ಕಟ್ಟಿ, ಹೆಚ್ಚಾದ ನೀರು ಹೊರಹೋಗಲು ಬದುವಿನಲ್ಲಿ ಒಂದು ಕಡೆ ತಗ್ಗು ಬಿಡಿ. ನೀರು ಒಳಗೆ ಬರುವ ಕಡೆ ನಾಲ್ಕು ಕಲ್ಲು ಇಟ್ಟರೆ ಮಣ್ಣು ಕೊರೆಯುವುದಿಲ್ಲ. ಕೆಲಸ ಮಾಡುವಾಗ ಪಾತಿಯ ತಳವನ್ನು ತುಳಿದು ಗಟ್ಟಿ ಮಾಡಬೇಡಿ, ಇಷ್ಟು ಶ್ರಮ ಪಟ್ಟು ಕೊನೆಗೆ ಅಲ್ಲಿ ಕೆಟ್ಟರೆ ಬೇಜಾರು.

ನಿಮ್ಮ ಸುತ್ತಮುತ್ತ ತಾನಾಗಿ ಬೆಳೆಯುವ, ಎರಡು ದಿನ ಬೇರು ನೆನೆದರೂ, ಒಂದು ತಿಂಗಳು ಒಣಗಿದರೂ ಸಾಯದ ಗಿಡ ಹುಡುಕಿ. ಹತ್ತಿರದ ಹಳ್ಳದ ದಂಡೆಯಲ್ಲಿ ಏನು ಬೆಳೆದಿದೆ ಅಂತ ನೋಡಿದರೆ ಉತ್ತರ ಸಿಗುತ್ತದೆ. ಆಳಕ್ಕೆ ಬೇರು ಬಿಡುವ ಹುಲ್ಲುಗಳು ಮಣ್ಣನ್ನು ತೂತು ತೂತಾಗಿ ಇಡುತ್ತವೆ, ಇಂಗುವುದು ಅದರಿಂದಲೇ. ಈ ಪಾತಿಗೆ ಗೊಬ್ಬರ ಹಾಕಬೇಡಿ, ಬರುವ ನೀರಿನಲ್ಲೇ ಇರುತ್ತದೆ. ಸೊಳ್ಳೆ ಬರುತ್ತದೆ ಅಂತ ಮನೆಯವರು ಆಕ್ಷೇಪ ತೆಗೆದೇ ತೆಗೆಯುತ್ತಾರೆ. ಸೊಳ್ಳೆಯ ಮೊಟ್ಟೆ ಸೊಳ್ಳೆಯಾಗಿ ಹಾರಲು ಸಾಮಾನ್ಯವಾಗಿ ಒಂದು ವಾರವಾದರೂ ಬೇಕು, ಸರಿಯಾದ ಮಳೆ ತೋಟದಲ್ಲಿ ನೀರು ಎರಡು ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ನಿಂತರೆ ತೋಟ ಕೆಲಸ ಮಾಡುತ್ತಿಲ್ಲ ಅಂತ ಅರ್ಥ, ಮೇಲಿನ ಹೂಳು ತೆಗೆದು ಮಣ್ಣು ಸಡಿಲ ಮಾಡಿ.

ಜಾಗ ಇಲ್ಲದವರು, ಫ್ಲ್ಯಾಟಿನಲ್ಲಿರುವವರು ಸಂಘದ ಸಭೆಯಲ್ಲಿ ಎರಡು ಕೇಳಬಹುದು. ಪಾರ್ಕಿಂಗ್ ಜಾಗವನ್ನು ದಿನಾ ಪೈಪಿನಿಂದ ತೊಳೆಯುವ ಬದಲು ಗುಡಿಸಲಿ, ಮತ್ತೆ ನೆಲ ಹಾಸುವ ಕೆಲಸ ಬಂದಾಗ ನೀರು ಇಳಿಯುವ ಇಟ್ಟಿಗೆ ಹಾಕಲಿ. ಅಂಥ ಇಟ್ಟಿಗೆಗಳ ಸಂದಿನ ಹೂಳನ್ನು ಆಗಾಗ ತೆಗೆಯಬೇಕು, ಇಲ್ಲದಿದ್ದರೆ ಕೆಲವೇ ವರ್ಷದಲ್ಲಿ ಅದೂ ಕಾಂಕ್ರೀಟೇ. ಡಾಂಬರಿಗೆ ಕಪ್ಪು ಲೇಪ ಹಾಕಿಸುವುದಾದರೆ ಕಲ್ಲಿದ್ದಲಿನ ಟಾರು ಇರುವುದು ಬೇಡ ಅನ್ನಿ. ಕ್ಯಾನ್ಸರ್ ತರುವ ರಾಸಾಯನಿಕಗಳು ಅದರಿಂದ ಉದುರಿ ಹೊಳೆ ಸೇರುತ್ತವೆ ಅಂತ ಟೆಕ್ಸಾಸಿನ ಆಸ್ಟಿನ್ ನಗರ 2006ರಲ್ಲೇ ಅದನ್ನು ನಿಷೇಧಿಸಿದೆ.

ಬೀದಿಯ ಮೋರಿ

ಮೋರಿ ಬಾಯಿಯ ಜಾಲರಿ ಮೇಲಿನ ಎಲೆ, ಕವರುಗಳನ್ನು ಮಳೆಗೆ ಮುಂಚೆ ಕೈಗವಸು ಹಾಕಿ, ಕುಂಟೆಯಿಂದ ಎಳೆದು ತೆಗೆಯಿರಿ. ಜಾಲರಿ ಎತ್ತಬೇಡಿ. ಮ್ಯಾನ್‌ಹೋಲಿಗೆ ಇಳಿಯಬೇಡಿ, ಯಾರನ್ನೂ ಇಳಿಸಲೂಬೇಡಿ. ಒಳಗಿನ ವಿಷಾನಿಲಕ್ಕೆ ಜೀವ ಹೋಗಲು ಕ್ಷಣ ಸಾಕು, ಕಾಪಾಡಲು ಇಳಿದವರೂ ಸಾಯುತ್ತಾರೆ. ನೀರು ರಭಸವಾಗಿ ಹರಿಯುವಾಗ ಮೋರಿ ಹತ್ತಿರವೂ ಹೋಗಬೇಡಿ.

ಯಾರಾದರೂ ಟ್ಯಾಂಕರಿನಿಂದ ಸುರಿಯುವುದು, ಬಣ್ಣದ ನೀರು, ನೊರೆ ಕಂಡರೆ ಅದೇ ದಿನ ದೂರು ಕೊಡಿ. ನಾಳೆಗೆ ಅದು ಹರಿದು ಹೋಗಿರುತ್ತದೆ. ಫೋಟೋ, ಹೊತ್ತು, ಜಾಗ, ನೀರಿನ ಬಣ್ಣ ಮತ್ತು ವಾಸನೆ, ಹಿಂದಿನ ದಿನಗಳಲ್ಲಿ ಮಳೆ ಬಂದಿತ್ತೇ ಅನ್ನುವುದನ್ನು ಬರೆಯಿರಿ. ಮೋರಿ ಹಿಡಿದು ಮೇಲಕ್ಕೆ ನಡೆದು, ಎಲ್ಲಿಂದ ಮೇಲೆ ನೀರು ತಿಳಿಯಾಗಿದೆ ಅಂತ ನೋಡಿ ಅದನ್ನೂ ಸೇರಿಸಿದರೆ ಹುಡುಕುವವರಿಗೆ ಅರ್ಧ ದಾರಿ ಸಿಕ್ಕಿತು. ಸುರಿಯುತ್ತಿರುವವರ ಜೊತೆ ಒಬ್ಬರೇ ಹೋಗಿ ಜಗಳ ಮಾಡಬೇಡಿ.

ನೀರಿನ ಮೇಲೆ ಬಣ್ಣ ಬಣ್ಣದ ಪೊರೆ ಕಂಡ ಕೂಡಲೇ ಎಣ್ಣೆ ಅಂತಲೂ ತೀರ್ಮಾನಿಸಬೇಡಿ. ಕಬ್ಬಿಣದ ಅಂಶ ತಿನ್ನುವ ಬ್ಯಾಕ್ಟೀರಿಯಾ ಕೂಡ ಅಂಥದ್ದೇ ಪೊರೆ ಕಟ್ಟುತ್ತದೆ, ಜೌಗು ಜಾಗದಲ್ಲಿ ಅದು ಸಹಜ. ಒಂದು ಕಡ್ಡಿಯಿಂದ ಕದಡಿ ನೋಡಿ. ಪೊರೆ ಚೂರು ಚೂರಾಗಿ ಒಡೆದು ಹಾಗೇ ಬೇರೆ ಬೇರೆ ತೇಲಿದರೆ ಬ್ಯಾಕ್ಟೀರಿಯಾ. ಸುಳಿ ಸುತ್ತಿ ಮತ್ತೆ ಕೂಡಿಕೊಂಡರೆ ಎಣ್ಣೆ, ಆಗ ಫೋನ್ ಮಾಡಿ.